ಪವಾಡ, ಪರೀಕ್ಷೆ ಮತ್ತು ಶ್ರದ್ಧೆ

1976ರಲ್ಲಿ ಬೆಂಗಳೂರು ವಿಶ್ವವಿದ್ಯಾನಿಲಯದ ಉಪಕುಲಪತಿಗಳಾಗಿದ್ದ ಭೌತವಿಜ್ಞಾನಿ ಡಾ. ಎಚ್. ನರಸಿಂಹಯ್ಯನವರು ಪವಾಡಗಳ ಸತ್ಯಾಸತ್ಯತೆಯನ್ನು ಪರಿಶೀಲಿಸಲು ಸಮಿತಿಯೊಂದನ್ನು ರಚಿಸಿದಾಗ ನಾಡಿನಲ್ಲಿ ದೊಡ್ಡ ಚರ್ಚೆಯೆದ್ದಿತು. ಪರೀಕ್ಷಿಸುವುದೇ ದೈವನಿಂದೆ ಎಂಬುದು ಒಂದು ಅತಿ. ಶ್ರದ್ಧೆಯೆಲ್ಲವೂ ಮೌಢ್ಯ ಎಂಬುದು ಇನ್ನೊಂದು ಅತಿ. ಇವೆರಡರ ನಡುವೆ ವಿವೇಕಿಯು ಹಿಡಿಯಬೇಕಾದ ಮಾರ್ಗ ಯಾವುದು? ಇದನ್ನು ವಿಚಾರಿಸಲು, ಪವಾಡಗಳ ಪರೀಕ್ಷೆಗೆ ಒಂದು ಕ್ರಮವನ್ನೇ ರೂಪಿಸಿಕೊಂಡಿರುವ ಕಥೋಲಿಕ ಕ್ರೈಸ್ತರ ನಿದರ್ಶನ ಉಪಯುಕ್ತವಾಗಿದೆ. ಅವರು ನಮಗೆ ದೂರದವರಲ್ಲ. 1949ರಿಂದ ಬಳ್ಳಾರಿಯು ಕಥೋಲಿಕ ಧರ್ಮಾಧ್ಯಕ್ಷರ ಪೀಠವಾಗಿದೆ.

ಫ್ರಾನ್ಸ್ ದೇಶದ ಲೂರ್ದು ಎಂಬ ಊರಿನಲ್ಲಿ 1858ರಲ್ಲಿ ಬರ್ನದೆತ್ ಎಂಬ 14 ವರ್ಷದ ಬಡ ಬಾಲಿಕೆಗೆ ಮರಿಯ ಮಾತೆಯ ದರ್ಶನವಾಯಿತೆಂದು ಕಥೋಲಿಕರು ನಂಬುತ್ತಾರೆ. ಆ ಕ್ಷೇತ್ರದಲ್ಲಿ ತಮ್ಮ ರೋಗ ಗುಣವಾಯಿತೆಂದು ಹೇಳಿಕೊಂಡವರು 7,000ಕ್ಕೂ ಹೆಚ್ಚು ಮಂದಿ. ಆದರೆ ಧರ್ಮಸಭೆಯು ಪವಾಡವೆಂದು ಅಂಗೀಕರಿಸಿರುವುದು 70ಕ್ಕಿಂತ ತುಸು ಹೆಚ್ಚನ್ನು ಮಾತ್ರ. ಅಲ್ಲಿ 1883ರಿಂದ ವೈದ್ಯರ ಕಚೇರಿಯೊಂದು ಕೆಲಸ ಮಾಡುತ್ತಿದೆ. ರೋಗವು ತೀವ್ರವಾಗಿತ್ತೇ, ತಾನಾಗಿಯೇ ಇಳಿಮುಖವಾಗುತ್ತಿರಲಿಲ್ಲವೇ, ಔಷಧದಿಂದ ವಾಸಿಯಾದುದಲ್ಲವೇ, ಗುಣವು ಹಠಾತ್ತಾಗಿ, ಪೂರ್ಣವಾಗಿ, ಶಾಶ್ವತವಾಗಿ ಉಂಟಾಯಿತೇ ಎಂದು ಪ್ರಶ್ನಿಸಲಾಗುತ್ತದೆ. ಈ ನಿಯಮಗಳನ್ನು 18ನೆಯ ಶತಮಾನದಲ್ಲಿಯೇ ವಿಧಿಸಿದವರು, ಮುಂದೆ ಪೋಪ್ ಪದವಿಗೇರಿದ ಲಂಬರ್ತೀನಿ ಎಂಬ ಧರ್ಮಗುರುಗಳು.

ಇಲ್ಲಿ ಗಮನಿಸಬೇಕಾದ ಸೂಕ್ಷ್ಮವೊಂದಿದೆ. ವೈದ್ಯರು ಎಂದಿಗೂ ಪವಾಡವೆಂದು ಹೇಳುವುದಿಲ್ಲ. ಇಂದಿನ ವೈದ್ಯಜ್ಞಾನಕ್ಕೆ ಇದರ ಕಾರಣ ತಿಳಿಯದು ಎಂದಷ್ಟೇ ಹೇಳುತ್ತಾರೆ. ಪವಾಡವೆಂದು ಸಾರುವವರು ಧರ್ಮಾಧ್ಯಕ್ಷರು. ಮೊದಲನೆಯದು ನಮ್ಮ ಜ್ಞಾನದ ಮಿತಿಯನ್ನು ಕುರಿತ ಮಾತು. ಎರಡನೆಯದು ಶ್ರದ್ಧೆಯ ಮಾತು. ಮೊದಲನೆಯದರಿಂದ ಎರಡನೆಯದು ತರ್ಕಬಲದಿಂದ ಸಿದ್ಧವಾಗದು.

ಇದಕ್ಕೆ ನಮ್ಮ ಸೀಮೆಯಲ್ಲಿಯೇ ಸಾಕ್ಷ್ಯವಿದೆ. ಬಳ್ಳಾರಿಯ ಸಮೀಪದ ಕುಡತಿನಿಯ ಬೂದಿದಿಬ್ಬ ಬಹುಕಾಲ ಜನರಿಗೆ ಬಿಡಿಸಲಾಗದ ಒಗಟಾಗಿತ್ತು. ಹಂಪಿಯ ಬಳಿಯ ನಿಂಬಾಪುರದ ಇಂತಹುದೇ ದಿಬ್ಬವನ್ನು ವಾಲಿಯ ಚಿತಾಭಸ್ಮವೆಂದು ಜನ ನಂಬಿದ್ದರು. ನವಶಿಲಾಯುಗದ ಪಶುಪಾಲಕರು ರಾಶಿ ಹಾಕಿ ಸುಟ್ಟ ಸಗಣಿಯ ಬೂದಿಯಿದು ಎಂಬುದು ರಾಬರ್ಟ್ ಬ್ರೂಸ್ ಫೂಟ್ ಮೊದಲಾದ ಸಂಶೋಧಕರ ಶ್ರಮದಿಂದ ಸ್ಪಷ್ಟವಾಯಿತು. ಹೀಗೆಂದು ರಾಮಾಯಣದ ನೀತಿಗೆ ಏನಾದರೂ ಕುಂದುಂಟಾಯಿತೇ? ಇಲ್ಲ, ಆ ನೀತಿಯು ಬೂದಿಯ ಆಧಾರದ ಮೇಲೆ ನಿಂತಿರಲಿಲ್ಲ. ಆದರೆ ಕಾರಣ ತಿಳಿಯದ ಸಂಗತಿಯ ಮೇಲೆಯೇ ಶ್ರದ್ಧೆಯನ್ನು ಕಟ್ಟಿದವನು, ಕಾರಣ ತಿಳಿದ ದಿನ ಅದನ್ನು ಕಳೆದುಕೊಳ್ಳುತ್ತಾನೆ.

ಮದರ್ ತೆರೇಸಾ ಅವರ ವಿಷಯದಲ್ಲಿಯೂ ಇಂತಹ ವಿವಾದವೆದ್ದಿತು. 1998ರಲ್ಲಿ ಪಶ್ಚಿಮ ಬಂಗಾಳದ ಮಹಿಳೆಯೊಬ್ಬರ ಗಡ್ಡೆ ಪ್ರಾರ್ಥನೆಯಿಂದ ಕರಗಿತೆಂದು ಅಂಗೀಕರಿಸಿ, 2003ರಲ್ಲಿ ತೆರೇಸಾ ಅವರನ್ನು ಪುನೀತರೆಂದು ಸಾರಲಾಯಿತು. ಗುಣವಾದದ್ದು ಔಷಧದಿಂದಲೇ ಎಂದು ಚಿಕಿತ್ಸೆ ನೀಡಿದ ವೈದ್ಯರು ವಾದಿಸಿದರು. 2016ರಲ್ಲಿ ಅವರಿಗೆ ಸಂತ ಪದವಿಯೂ ದೊರೆಯಿತು. ಆದರೆ ಕೊಲ್ಕತ್ತೆಯ ಬೀದಿಯಲ್ಲಿ ಸಾಯುತ್ತಿದ್ದವರನ್ನು ಎತ್ತಿ ತಂದು ಉಪಚರಿಸಿದ್ದು ಆ ವಾದದ ತೀರ್ಪನ್ನು ಅವಲಂಬಿಸಿದೆಯೇ? ಕಥೋಲಿಕ ಕ್ರಮದಲ್ಲಿಯೂ ಮೊದಲು ಪರಿಶೀಲಿಸುವುದು ಸದ್ಗುಣವನ್ನು, ಆಮೇಲೆ ಪವಾಡವನ್ನು.

ನಮ್ಮ ಸಮಂತಭದ್ರಾಚಾರ್ಯರು ಆಪ್ತಮೀಮಾಂಸೆಯ ಆರಂಭದಲ್ಲಿಯೇ ಈ ಗಂಟನ್ನು ಬಿಡಿಸಿದ್ದಾರೆ. ದೇವತೆಗಳ ಆಗಮನ, ಆಕಾಶಗಮನ, ಚಾಮರಾದಿ ವೈಭವಗಳು ಮಾಯಾವಿಗಳಲ್ಲಿಯೂ ಕಾಣುವುದರಿಂದ, ಅವುಗಳಿಂದ ಜಿನೇಶ್ವರನು ಪೂಜ್ಯನಾಗುವುದಿಲ್ಲವೆಂಬುದು ಅವರ ದಿಟ್ಟ ನಿಲುವು. ಅತಿಶಯವು ಆಪ್ತತ್ವಕ್ಕೆ ಪ್ರಮಾಣವಲ್ಲ.

ಇದು ಬರಿಯ ತರ್ಕದ ಮಾತಲ್ಲ. ಸಿರುಗುಪ್ಪದಲ್ಲಿಯೋ ಕುರುಗೋಡಿನಲ್ಲಿಯೋ ಒಂದು ಮನೆಯಲ್ಲಿ ದೀರ್ಘ ರೋಗಿಯೊಬ್ಬನಿದ್ದಾನೆ, ಬಳ್ಳಾರಿಯ ಆಸ್ಪತ್ರೆಯಲ್ಲಿ ಚಿಕಿತ್ಸೆ ನಡೆದಿದೆ ಎಂದು ಭಾವಿಸೋಣ. ನೆರೆಮನೆಯ ಕ್ರೈಸ್ತ ತಾಯಿ ಪ್ರೀತಿಯಿಂದ ಲೂರ್ದಿನ ತೀರ್ಥ ತಂದುಕೊಡುತ್ತಾಳೆ. ಬಂಧುಗಳು ಯಕ್ಷಿಗೆ ಹರಕೆ ಹೊರುತ್ತಾರೆ. ಆ ಪ್ರೀತಿಯನ್ನು ಹೀಯಾಳಿಸುವುದು ಹಿಂಸೆ. ಆದರೆ ಇದರಿಂದ ಖಂಡಿತ ವಾಸಿಯಾಗುವುದೆಂದು ಭರವಸೆಯಿತ್ತು ಔಷಧವನ್ನು ನಿಲ್ಲಿಸುವುದು ಇನ್ನೂ ದೊಡ್ಡ ಹಿಂಸೆ. ಏಕೆಂದರೆ ರೋಗ ವಾಸಿಯಾಗದಿದ್ದರೆ ದೋಷ ಯಾರ ಮೇಲೆ ಬೀಳುತ್ತದೆ? ಶ್ರದ್ಧೆ ಸಾಲದೆಂದು ರೋಗಿಯ ಮೇಲೆಯೇ. ‘ಅವನ ಕರ್ಮ’ ಎಂದು ಹೇಳಿ ಕೈತೊಳೆದುಕೊಳ್ಳುವ ನಮ್ಮವರ ಮಾತೂ ಇದೇ ಜಾತಿಯದು.

ಇಲ್ಲಿ ಬರ್ನದೆತ್‌ಳ ಜೀವನವೇ ಪಾಠವಾಗಿದೆ. ಜಗತ್ತಿಗೆ ಆ ಚಿಲುಮೆಯನ್ನು ತೋರಿದವಳು ತಾನು ಮಾತ್ರ ದೀರ್ಘಕಾಲ ರೋಗದಿಂದ ನರಳಿ, 1879ರಲ್ಲಿ 35ನೆಯ ವಯಸ್ಸಿನಲ್ಲಿಯೇ ತೀರಿಕೊಂಡಳು. ಆದರೂ ಧರ್ಮಸಭೆ 1933ರಲ್ಲಿ ಅವಳನ್ನು ಸಂತಳೆಂದು ಗೌರವಿಸಿತು. ಲೂರ್ದಿಗೆ ಹೋದ ರೋಗಿಗಳಲ್ಲಿ ಬಹುಪಾಲು ಜನ ಗುಣ ಹೊಂದದೆಯೇ ಮರಳುತ್ತಾರೆ. ಆದರೆ ಅವರ ಗಾಲಿಕುರ್ಚಿಯನ್ನು ತಳ್ಳಲು, ಮೈ ಒರೆಸಲು, ಉಣ್ಣಿಸಲು ದೂರದೂರದಿಂದ ಸ್ವಯಂಸೇವಕರು ಬರುತ್ತಾರೆ. ನಾವು ವೈಯಾವೃತ್ಯವೆನ್ನುವುದು ಇಂತಹ ಸೇವೆಯನ್ನೇ ಅಲ್ಲವೇ? ಅದಕ್ಕೆ ಯಾವ ವೈದ್ಯಮಂಡಳಿಯ ಪ್ರಮಾಣಪತ್ರವೂ ಬೇಕಿಲ್ಲ.

ಆದುದರಿಂದ ಬಸದಿಗಳ ಆಡಳಿತ ವಹಿಸಿರುವ ಮಹನೀಯರಲ್ಲಿ ಒಂದು ವಿಜ್ಞಾಪನೆ. ನಿಮ್ಮ ಕ್ಷೇತ್ರದಲ್ಲಿ ಅತಿಶಯವೊಂದು ನಡೆಯಿತೆಂಬ ಸುದ್ದಿ ಹಬ್ಬಿದಾಗ ಕರಪತ್ರ ಅಚ್ಚು ಹಾಕಿಸಲು ಆತುರಪಡಬೇಡಿರಿ. ಪರೀಕ್ಷೆಗೆ ಬಾಗಿಲು ತೆರೆಯಿರಿ. ತಿಳಿಯದುದನ್ನು ತಿಳಿಯದೆಂದು ಹೇಳಿರಿ. ಹುಂಡಿಗೆ ಬಂದ ಕಾಣಿಕೆಯಲ್ಲಿ ಒಂದು ಪಾಲನ್ನು ಬಡರೋಗಿಯ ಔಷಧಕ್ಕೆ ಮೀಸಲಿಡಿರಿ. ಸತ್ಯಕ್ಕೆ ಅಂಜದ ಶ್ರದ್ಧೆಯೇ ಸಮ್ಯಕ್ ಶ್ರದ್ಧೆ.