ತೆಗೆದಿಟ್ಟ ಹಿಡಿ

ಮಿರಗದ ಮಳೆ ಹಿಡಿಯುವುದರೊಳಗೆ ಮನೆಯ ಹಂಚು ಕೈಯಾಡಿಸಿಕೊಳ್ಳುವುದು ನಮ್ಮ ದುಮ್ಮವಾಡದ ಕಡೆ ಹಳೆಯ ರೂಢಿ. ಈ ವರ್ಷವೂ ಏಣಿ ಹಚ್ಚಿ ಕೆಲಸ ನಡೆದಿತ್ತು. ಮೇಲೆ ಕೂತ ಗೌಂಡಿ ಒಂದೊಂದೇ ಹಂಚು ಬಿಚ್ಚಿ ಕೊಡುತ್ತಿದ್ದ. ನಾನು ಕೆಳಗೆ ನಿಂತು ಇಸಿದುಕೊಂಡು ಗೋಡೆಗೆ ಆನಿಸಿ ಇಡುತ್ತಿದ್ದೆ. ಅಡುಗೆಮನೆಯ ಮೇಲಿನ ಹಂಚೊಂದರ ಒಳಮೈ ಒಲೆಯ ಹೊಗೆ ಕುಡಿದು ಕಪ್ಪಾಗಿತ್ತು. ಮಸಿಯಡಿ ಏನೋ ಉಬ್ಬಿದಂತೆ ಕಂಡು ಹೆಬ್ಬೆರಳಿನಿಂದ ತಿಕ್ಕಿದೆ. ಇಂಗ್ಲಿಷ್ ಅಕ್ಷರಗಳು ಒಂದೊಂದಾಗಿ ಮೇಲೆದ್ದವು: ಬಾಸೆಲ್ ಮಿಷನ್, ಮಂಗಳೂರು, 1865.

1865 ಆ ಹಂಚಿನ ವಯಸ್ಸಲ್ಲ, ಅದನ್ನು ಮಾಡಿದ ಕಾರ್ಖಾನೆ ಶುರುವಾದ ಇಸವಿ. ಮಂಗಳೂರಿನ ಜೆಪ್ಪುವಿನಲ್ಲಿ ನದಿದಂಡೆಯ ಜೇಡಿಮಣ್ಣು ಹದ ಮಾಡಿ, ಅಚ್ಚಿಗೆ ಒತ್ತಿ, ಭಟ್ಟಿಯಲ್ಲಿ ಸುಟ್ಟ ಹಂಚು ಅದು. ಘಟ್ಟ ಹತ್ತಿ ಬಂದು ನಮ್ಮ ಅಜ್ಜನ ಮನೆಯ ಮೇಲೆ ಕೂತಿತ್ತು. ಅದನ್ನು ಅಚ್ಚಿನಿಂದ ಬಿಡಿಸಿದವನ ಹೆಸರು ಯಾರಿಗೂ ಗೊತ್ತಿಲ್ಲ. ಅವನು ದುಮ್ಮವಾಡ ಕಂಡವನಲ್ಲ, ಕೇಳಿದವನೂ ಅಲ್ಲ. ಆರು ದಿನ ಮಣ್ಣಿನಲ್ಲಿ ದುಡಿದು, ಏಳನೆಯ ದಿನ ಮೈತೊಳೆದು ಪ್ರಾರ್ಥನೆಗೆ ಕೂರುತ್ತಿದ್ದಿರಬೇಕು. ಅವನ ಕೈಕೆಲಸ ಮಾತ್ರ ಇಷ್ಟು ದೂರ ಬಂದು, ಮೂರು ತಲೆಮಾರು ನಮ್ಮ ಒಲೆಯ ಮೇಲೆ ಮಳೆ ಬೀಳದ ಹಾಗೆ ಕಾಯ್ದಿದೆ.

ಹಂಚು ಕೈಯಲ್ಲಿ ಹಿಡಿದು ನಿಂತಾಗ ಹಿಂದಿನ ಭಾನುವಾರ ದೊಡ್ಡವ್ವ ಕೇಳಿದ ಮಾತು ನೆನಪಾಯಿತು. ಅಂದು ಆರಾಧನೆಯಲ್ಲಿ ದೂರದ ನಾಡುಗಳ ಸೇವೆಗೆಂದು ಕಾಣಿಕೆ ಎತ್ತಿದ್ದರು. ಹೊರಗೆ ಬಂದ ಮೇಲೆ ಸೆರಗಿನ ಗಂಟು ಬಿಗಿಯುತ್ತ ಅವಳು ಕೇಳಿದಳು: “ತಮ್ಮಾ, ಜಗತ್ತು ಅಷ್ಟ ದೊಡ್ಡದೈತಿ. ನಾ ಎಮ್ಮಿ ಹಾಲು ಮಾರಿ ಹಾಕಿದ ಹತ್ತ ರೂಪಾಯಿ ಎಲ್ಲಿಗೆ ಮುಟ್ಟತೈತಿ?”

ಅದು ಬಡವರ ಮನಸ್ಸಿನಲ್ಲಿ ಸದಾ ಇರುವ ಪ್ರಶ್ನೆ. ನಮ್ಮದು ಸಣ್ಣ ಊರು, ಸಣ್ಣ ದುಡಿಮೆ, ಸಣ್ಣ ಕಾಣಿಕೆ. ಲೋಕವನ್ನು ತಿದ್ದುವ, ಎತ್ತುವ ಕೆಲಸ ದೊಡ್ಡವರದು, ಓದಿದವರದು, ಹಡಗು ವಿಮಾನ ಹತ್ತಿದವರದು. ಹೀಗೆಂದುಕೊಂಡು ನಾವು ಭಾನುವಾರದ ಪ್ರಾರ್ಥನೆಯನ್ನು ಒಂದು ಕಡೆ, ಸೋಮವಾರದ ದುಡಿಮೆಯನ್ನು ಇನ್ನೊಂದು ಕಡೆ, ದೂರದ ಲೋಕವನ್ನು ಎರಡಕ್ಕೂ ಸಂಬಂಧವಿಲ್ಲದ ಹಾಗೆ ಮೂರನೆಯ ಕಡೆ ಇಟ್ಟುಬಿಡುತ್ತೇವೆ. ಈ ಮೂರೂ ಒಂದೇ ಹಗ್ಗದ ಎಳೆಗಳು ಎನ್ನುವುದಕ್ಕೆ ನಮ್ಮ ಧಾರವಾಡ ಸೀಮೆಯ ಚರಿತ್ರೆಯೇ ಸಾಕ್ಷಿ.

ಸ್ವಿಟ್ಜರ್ಲೆಂಡಿನ ಬಾಸೆಲ್ ನಗರದಲ್ಲಿ 1815ರಲ್ಲಿ ಹುಟ್ಟಿದ ಮಿಷನ್ ಸಂಸ್ಥೆ ಕಳಿಸಿದ ಮೂವರು 1834ರ ಅಕ್ಟೋಬರಿನಲ್ಲಿ ನಮ್ಮ ಪಡುವಣ ಕರಾವಳಿಗೆ ಬಂದಿಳಿದರು: ಸ್ಯಾಮುಯೆಲ್ ಹೆಬಿಕ್, ಲೇನರ್ ಮತ್ತು ಗ್ರೈನರ್. ಮೂರೇ ವರ್ಷದಲ್ಲಿ, 1837ಕ್ಕೆ, ಅವರ ಕೆಲಸ ಧಾರವಾಡಕ್ಕೆ ಬಂತು. 1839ರಲ್ಲಿ ಹುಬ್ಬಳ್ಳಿ, 1841ರಲ್ಲಿ ಬೆಟಗೇರಿ, 1851ರಲ್ಲಿ ಗುಳೇದಗುಡ್ಡ. ಶಾಲೆಗಳು ಎದ್ದವು, ಮಗ್ಗಗಳು ಬಂದವು. ಗದಗ-ಬೆಟಗೇರಿಯಲ್ಲಿ ಜನ ಇಂದಿಗೂ ‘ಜರ್ಮನ್ ದವಾಖಾನಿ’ ಎಂದೇ ಕರೆಯುವ ಆಸ್ಪತ್ರೆ ನಿಂತಿತು. ಇಷ್ಟಕ್ಕೂ ದುಡ್ಡು ಎಲ್ಲಿಂದ ಬಂತು? ಶ್ರೀಮಂತ ವರ್ತಕರು ಕೊಟ್ಟದ್ದುಂಟು. ಆದರೆ ಸಂಸ್ಥೆಯ ದೊಡ್ಡ ಆಧಾರವಾಗಿ ಬೆಳೆದದ್ದು 1855ರಲ್ಲಿ ಶುರುವಾದ ಒಂದು ಪುಟ್ಟ ಏರ್ಪಾಡು. ಅದರ ಹೆಸರೇ ‘ಅರ್ಧ ಬಾಟ್ಸನ್ ಕಾಣಿಕೆ’.

ಬಾಟ್ಸನ್ ಎಂಬುದು ಆ ನಾಡಿನ ಹಳೆಯ ಚಿಲ್ಲರೆ ನಾಣ್ಯ. ವಾರಕ್ಕೊಮ್ಮೆ ಅದರಲ್ಲಿ ಅರ್ಧ, ಇಷ್ಟೇ ಕೇಳಿದ್ದು. ಮನೆಗೆಲಸದ ಹೆಣ್ಣುಮಕ್ಕಳು, ಗಿರಣಿಯ ಕೂಲಿಗಳು, ಸಣ್ಣ ರೈತರು, ಹೊಲಿಗೆ ಹೊಲಿಯುವ ವಿಧವೆಯರು ಕೊಡಬಲ್ಲಷ್ಟು. ಕಾಣಿಕೆ ಕೂಡಿಸುವವರು ಮನೆಯಿಂದ ಮನೆಗೆ ಹೋಗುತ್ತಿದ್ದರು. ದೂರದ ನಾಡುಗಳ ಸುದ್ದಿ ಹೊತ್ತ ಸಣ್ಣ ಪತ್ರಿಕೆಯೂ ಕೊಟ್ಟವರ ಕೈಸೇರುತ್ತಿತ್ತು. ಈ ಎರಡನೆಯ ಸಂಗತಿಯೇ ನನಗೆ ಹೆಚ್ಚು ದೊಡ್ಡದಾಗಿ ಕಾಣುತ್ತದೆ. ಕೊಟ್ಟವಳಿಗೆ ತನ್ನ ಕಾಸು ಎಲ್ಲಿ ಹೋಯಿತು ಎಂದು ಗೊತ್ತಾಗುತ್ತಿತ್ತು. ಪಾತ್ರೆ ತೊಳೆದು ಕೈ ಒರೆಸಿಕೊಂಡು ಅವಳು ಧಾರವಾಡ, ಹುಬ್ಬಳ್ಳಿ ಎಂಬ ಹೆಸರು ಓದಿ, ನಾಲಿಗೆ ಹೊರಳದಿದ್ದರೂ ಉಚ್ಚರಿಸಿ, ಮಲಗುವ ಮುಂಚೆ ಆ ಊರಿನವರಿಗಾಗಿ ಪ್ರಾರ್ಥಿಸಿರಬಹುದು. ನಮ್ಮ ಮುತ್ತಜ್ಜಂದಿರು ಯಾರ್ಯಾರ ಪ್ರಾರ್ಥನೆಯಲ್ಲಿ ಇದ್ದರೋ! ಅವರ ಋಣದ ಲೆಕ್ಕ ನಮಗೆ ಸಿಗುವುದಿಲ್ಲ, ಋಣ ಮಾತ್ರ ಇದೆ.

ಕಳಿಸಿದವರು ಹೀಗೆ ದುಡಿಯುವ ಜನ. ಬಂದವರಲ್ಲಿಯೂ ಅನೇಕರು ದಕ್ಷಿಣ ಜರ್ಮನಿಯ ಹಳ್ಳಿಗಳ ರೈತರ, ಕುಶಲಕರ್ಮಿಗಳ ಮಕ್ಕಳು. ಆದ್ದರಿಂದಲೇ ಇರಬೇಕು, ಅವರಿಗೆ ಕಸುಬಿನ ಬೆಲೆ ಗೊತ್ತಿತ್ತು. ಹೊಸ ನಂಬಿಕೆ ಹಿಡಿದವರನ್ನು ಮನೆತನದವರು ಹೊರಗಿಟ್ಟಾಗ ಹೊಲ, ಮಗ್ಗ, ಕೂಲಿ ಎಲ್ಲ ಕೈತಪ್ಪುತ್ತಿದ್ದವು. ಬರೀ ಉಪದೇಶ ಕೊಟ್ಟರೆ ಹೊಟ್ಟೆ ತುಂಬುವುದಿಲ್ಲ. ದಿನವೂ ಅಕ್ಕಿ ಅಳೆದು ಕೊಟ್ಟರೆ ಮನುಷ್ಯನ ಬೆನ್ನು ನೆಟ್ಟಗಾಗುವುದಿಲ್ಲ. ಹಾಗಾಗಿ ನೇಯ್ಗೆ ಬಂತು, ಅಚ್ಚುಕೂಟ ಬಂತು, ಜಾರ್ಜ್ ಪ್ಲೆಬ್ಸ್ಟ್ ಅವರ ಕೈಯಲ್ಲಿ ಜೆಪ್ಪುವಿನ ಹಂಚಿನ ಕಾರ್ಖಾನೆ ಬಂತು. ಸುವಾರ್ತೆ ಹೇಳುವವರು ಹಂಚು ಮಾಡಿಸಬೇಕೇ ಎಂದು ಕೇಳಿದವರು ಆಗಲೂ ಇದ್ದರು. ಯೇಸುಸ್ವಾಮಿ ಬಡಗಿಯ ಮನೆಯಲ್ಲಿ ಬೆಳೆದದ್ದನ್ನು, ಅಪೊಸ್ತಲ ಪೌಲನು ಕೊರಿಂಥದಲ್ಲಿ ಅಕ್ವಿಲ ಪ್ರಿಸ್ಕಿಲ್ಲರ ಜೊತೆ ಗುಡಾರ ಹೊಲಿದು ಬದುಕಿದ್ದನ್ನು ನೆನೆದರೆ ಆ ಪ್ರಶ್ನೆ ಅಲ್ಲಿಗೇ ನಿಲ್ಲುತ್ತದೆ.

ಹೆಬಿಕ್ ಮತ್ತು ಸಂಗಡಿಗರು ಬಂದಿಳಿದ ವರ್ಷವೇ, 1834ರ ಜೂನ್ ತಿಂಗಳಲ್ಲಿ, ಬಂಗಾಳದ ಸೆರಾಂಪುರದಲ್ಲಿ ವಿಲಿಯಂ ಕೇರಿ ತೀರಿಕೊಂಡಿದ್ದರು. ಇಂಗ್ಲೆಂಡಿನ ಹಳ್ಳಿಯಲ್ಲಿ ಅವರು ಚಪ್ಪಲಿ ಹೊಲಿಯುವವರಾಗಿದ್ದರು. ಹೊಲಿಗೆ ಹಾಕುತ್ತ ತಲೆಯೆತ್ತಿದರೆ ಕಾಣುವಂತೆ ಗೋಡೆಗೆ ಲೋಕದ ನಕ್ಷೆ ಹಚ್ಚಿಕೊಂಡಿದ್ದರು. 1793ರಲ್ಲಿ ಭಾರತಕ್ಕೆ ಬಂದ ಆ ಸಮಗಾರರ ಹೆಸರಿನಲ್ಲಿ 1817ರಲ್ಲಿ ಅಚ್ಚಾದ ಒಂದು ಪುಸ್ತಕ ನಮ್ಮ ಕನ್ನಡದ ವ್ಯಾಕರಣ. ಕೈ ಚರ್ಮದ ಮೇಲೆ, ಕಣ್ಣು ನಕ್ಷೆಯ ಮೇಲೆ: ದುಡಿಮೆಯನ್ನೂ ಲೋಕವನ್ನೂ ಒಟ್ಟಿಗೆ ಹಿಡಿಯುವ ರೀತಿ ಇದು. ನಕ್ಷೆ ನೋಡುತ್ತ ಅವರು ಹೊಲಿಗೆ ಬಿಡಲಿಲ್ಲ, ಹೊಲಿಯುತ್ತ ನಕ್ಷೆಯನ್ನು ಮರೆಯಲಿಲ್ಲ.

ದೂರದಿಂದ ಬಂದದ್ದು ಇಲ್ಲಿ ಬೇರು ಬಿಟ್ಟು, ಇಲ್ಲಿಯದೇ ಆಗಿ, ಮತ್ತೆ ಹಂಚಿಕೆಯಾಗಬೇಕು. ಅದು ಹೇಗೆ ಎಂಬುದನ್ನೂ ನಮ್ಮ ಜಿಲ್ಲೆಯೇ ತೋರಿಸಿಕೊಟ್ಟಿದೆ. ಫರ್ಡಿನಾಂಡ್ ಕಿಟೆಲ್ 1853ರಲ್ಲಿ ಭಾರತಕ್ಕೆ ಬಂದು ಧಾರವಾಡ ಸೇರಿದರು. ಕಲಿಸಲೆಂದು ಬಂದವರು ದೀರ್ಘಕಾಲ ಕಲಿಯುವವರಾಗಿ ಕೂತರು. ಹಳಗನ್ನಡ ಕಾವ್ಯಗಳ ಜೊತೆಗೆ ಹೊಲಮನೆಯ ಮಾತು, ಗಾದೆಗಳನ್ನು ಕೂಡಿಸಿದರು. 1894ರಲ್ಲಿ ಮಂಗಳೂರಿನಲ್ಲಿ ಅಚ್ಚಾದ ಅವರ ನಿಘಂಟಿನಲ್ಲಿ ಸುಮಾರು 70,000 ಪದಗಳಿವೆ. ಗಿರಣಿ ಕೂಲಿಯವಳ ಅರ್ಧ ಬಾಟ್ಸನ್ ಆ ಪುಟಗಳಲ್ಲಿಯೂ ಇದೆ ಎಂದು ನಾನು ನಂಬುತ್ತೇನೆ.

ಕಿಟೆಲ್ಲರ ನಂತರದ ತಲೆಮಾರಿನಲ್ಲಿ ಈ ಮಣ್ಣಿನ ಮಗನೇ ಆ ಕೆಲಸಕ್ಕೆ ಕೈ ಹಚ್ಚಿದ. ಧಾರವಾಡದಲ್ಲಿ 1881ರಲ್ಲಿ ಹುಟ್ಟಿದ ರೆವರೆಂಡ್ ಉತ್ತಂಗಿ ಚೆನ್ನಪ್ಪನವರು ಬಾಸೆಲ್ ಮಿಷನ್ನಿನ ಪಾದ್ರಿ. ಸಭೆಯ ಜವಾಬ್ದಾರಿಗಳ ನಡುವೆಯೇ ಊರೂರು ತಿರುಗಿ, ಹಸ್ತಪ್ರತಿಗಳಿಂದಲೂ ಜನರ ಬಾಯಿಂದಲೂ ಸರ್ವಜ್ಞನ ತ್ರಿಪದಿಗಳನ್ನು ಆಯ್ದು 1924ರಲ್ಲಿ ನಾಡಿಗೆ ಕೊಟ್ಟರು. ಕಟ್ಟಿಗೆ ಮಾರಿ ಬದುಕಿದ ಶರಣ ಮೋಳಿಗೆ ಮಾರಯ್ಯನ ವಚನಗಳನ್ನೂ ಸಂಪಾದಿಸಿದರು. 1949ರಲ್ಲಿ ಕಲಬುರಗಿಯ ಕನ್ನಡ ಸಾಹಿತ್ಯ ಸಮ್ಮೇಳನ ಅವರನ್ನು ಅಧ್ಯಕ್ಷರನ್ನಾಗಿ ಕೂಡಿಸಿ ಗೌರವಿಸಿತು. ಯೇಸುವನ್ನು ಗಟ್ಟಿಯಾಗಿ ಹಿಡಿದವನ ಕೈ ನೆರೆಯವನ ಒಳ್ಳೆಯದನ್ನು ಎತ್ತಿ ಕಣ್ಣಿಗೊತ್ತಿಕೊಳ್ಳಬಲ್ಲದು ಎಂದು ಅವರು ಬದುಕಿ ತೋರಿಸಿದರು. ಕ್ರೈಸ್ತ ಸೇವೆ ಲೋಕದ ಯಾವ ಮೂಲೆಗೆ ಹೋದರೂ ಈ ಮರ್ಯಾದೆಯನ್ನು ಜೊತೆಗೊಯ್ಯಬೇಕು.

ಶರಣರ ಮಾತು ಬಂದಾಗ ಆಯ್ದಕ್ಕಿ ಲಕ್ಕಮ್ಮನನ್ನು ಹೇಗೆ ಮರೆಯಲಿ? ಅಂಗಳದಲ್ಲಿ ಚೆಲ್ಲಿದ ಅಕ್ಕಿಯನ್ನು ಆಯ್ದು ತಂದು ದಾಸೋಹ ನಡೆಸುವುದು ಆ ದಂಪತಿಗಳ ಕಾಯಕ. ಒಂದು ದಿನ ಅವಳ ಗಂಡ ಆಯ್ದಕ್ಕಿ ಮಾರಯ್ಯ ದಿನಕ್ಕಿಂತ ಹೆಚ್ಚು ಅಕ್ಕಿ ತಂದಾಗ, ಹೆಚ್ಚಾದದ್ದನ್ನು ಅಲ್ಲಿಯೇ ಸುರಿದು ಬಾ ಎಂದಳು ಲಕ್ಕಮ್ಮ. ಕೊಡುವುದಕ್ಕಾಗಿಯೇ ಆದರೂ ಆಸೆಯಿಂದ ತಂದದ್ದು ಬೇಡ ಎಂಬ ನಿಷ್ಠೆ ಅದು. ದೂರಕ್ಕೆ ಕಳಿಸುವ ಕಾಣಿಕೆ ಶುದ್ಧವಾಗುವುದು ಗುಡಿಯ ಬಾಗಿಲಲ್ಲಿ ಅಲ್ಲ. ಹಾಲಿಗೆ ನೀರು ಬೆರೆಸದ ಕೈಯಲ್ಲಿ, ತೂಕದ ಕಲ್ಲನ್ನು ಸರಿಯಾಗಿಟ್ಟ ಅಂಗಡಿಯಲ್ಲಿ, ಕೂಲಿಯನ್ನು ಸಂಜೆಗೇ ಕೊಟ್ಟ ಹೊಲದಲ್ಲಿ. ದೇಶದ ಇನ್ನೊಂದು ತುದಿಯ ಮಿಜೋರಾಮಿನಲ್ಲಿ ಇದೇ ಅಕ್ಕಿಯ ಮಾತು ಇನ್ನೊಂದು ರೂಪದಲ್ಲಿ ಬದುಕಿದೆ. ಅಲ್ಲಿನ ಪ್ರೆಸ್ಬಿಟೀರಿಯನ್ ಸಭೆಯ ಹೆಣ್ಣುಮಕ್ಕಳು ನೂರು ವರ್ಷಕ್ಕೂ ಮಿಗಿಲಾಗಿ, ಅನ್ನಕ್ಕಿಡುವಾಗಲೆಲ್ಲ ಒಂದು ಹಿಡಿ ಅಕ್ಕಿ ಬೇರೆ ತೆಗೆದಿಡುತ್ತಾರೆ. ಅದು ಕೂಡಿ, ಮಾರಾಟವಾಗಿ, ದೇಶದ ಹಲವು ಕಡೆ ಸೇವೆ ಮಾಡುವವರ ಅನ್ನವಾಗುತ್ತದೆ. ಒಂದು ಕಾಲಕ್ಕೆ ವೇಲ್ಸ್ ನಾಡಿನಿಂದ ಪಡೆದ ಸಭೆ ಇಂದು ಕಳಿಸುವ ಸಭೆ.

ನಮ್ಮ ದಾರಿಯೂ ಅದೇ. 1914ರ ಮಹಾಯುದ್ಧ ಬಂದಾಗ ಬ್ರಿಟಿಷ್ ಸರಕಾರ ಜರ್ಮನ್ ಮಿಷನರಿಗಳನ್ನು ಬಂಧನದಲ್ಲಿಟ್ಟು ಆಮೇಲೆ ಊರಿಗೆ ಕಳಿಸಿತು. ಕಾರ್ಖಾನೆಗಳು ಬೇರೆಯವರ ಪಾಲಾದವು. ಆಗ ಸಭೆಯ ಭಾರ ಈ ನೆಲದ ಪಾದ್ರಿಗಳ, ಶಾಲಾ ಮಾಸ್ತರರ ಹೆಗಲಿಗೆ ಬಂತು; ಅವರು ಅದನ್ನು ಇಳಿಸಲಿಲ್ಲ. 1968ರಲ್ಲಿ ನಮ್ಮ ಭಾಗದ ಬಾಸೆಲ್ ಸಭೆಗಳು ದಕ್ಷಿಣ ಭಾರತ ಸಭೆಯನ್ನು ಕೂಡಿಕೊಂಡವು. ಅದೇ ಬಾಸೆಲ್ ಮಿಷನ್ 1828ರಲ್ಲಿ ಆಫ್ರಿಕಾದ ಘಾನಾಕ್ಕೂ ಹೋಗಿತ್ತು. ಹಾಗೆ ನೋಡಿದರೆ ಅಲ್ಲಿಯ ಸಭೆಯವರು ನಮಗೆ ಅಣ್ಣತಮ್ಮಂದಿರು, ಒಂದೇ ಅರ್ಧ ಬಾಟ್ಸನ್ನಿನ ಅನ್ನ ಉಂಡವರು. ಅವರ ಊರಿನ ಒಂದು ಹೆಸರನ್ನಾದರೂ ನಮ್ಮ ಪ್ರಾರ್ಥನೆಯಲ್ಲಿ ಎತ್ತಿದ್ದೇವೆಯೇ? ಕಾಣಿಕೆಯ ತಟ್ಟೆಯಲ್ಲಿ ನೋಟು ಹಾಕಿ ಮರೆಯುವುದು ಸುಲಭ. ಒಂದು ಊರು, ಒಂದು ಮುಖ, ಒಂದು ಕಷ್ಟ ತಿಳಿದುಕೊಂಡು ವಾರವಿಡೀ ಮನಸ್ಸಿನಲ್ಲಿ ಹೊತ್ತುಕೊಳ್ಳುವುದು ಕಷ್ಟ. ಬಾಸೆಲ್ಲಿನ ಕೆಲಸದಾಳು ಮಾಡಿದ್ದು ಈ ಕಷ್ಟದ ಕೆಲಸವನ್ನು.

ದೊಡ್ಡವ್ವನಿಗೆ ಇಷ್ಟೆಲ್ಲ ಹೇಳಲಿಲ್ಲ. ಸಂಜೆ ಅವಳ ಮನೆಗೆ ಹೋದಾಗ ಎಮ್ಮೆ ಹಿಂಡಿ ಆಗಷ್ಟೇ ಎದ್ದಿದ್ದಳು. “ದೊಡ್ಡವ್ವಾ, ನಮ್ಮ ನೀರಸಾಗರದ ನೀರು ಎಲ್ಲಿಗೆ ಮುಟ್ಟತೈತಿ?” ಎಂದು ಕೇಳಿದೆ.

“ಹುಬ್ಬಳ್ಳಿ-ಧಾರವಾಡಕ್ಕ. ಅದನ್ನ ಕಟ್ಟೂದು ನಾ ಸಣ್ಣಾಕಿ ಇದ್ದಾಗ ನೋಡೀನಿ” ಎಂದಳು.

ನಿಜ. ಬೇಡ್ತಿ ಹಳ್ಳಕ್ಕೆ ಅಡ್ಡಲಾಗಿ ನಮ್ಮೂರ ಬಳಿ 1955ರಲ್ಲಿ ಕಟ್ಟಿದ ಕೆರೆ ಅದು. ನಮ್ಮ ಹೊಲಗಳ ಮೇಲೆ ಬಿದ್ದ ಹನಿ, ಬದು ದಾಟಿ, ಹಳ್ಳ ಸೇರಿ, ಅಲ್ಲಿ ನಿಂತು, ಎಂದೂ ದುಮ್ಮವಾಡ ಕಾಣದವರ ಕೊಡ ತುಂಬಿದೆ. ತುಂಬಿ ಹರಿದದ್ದು ಮಾಗೋಡಿನಲ್ಲಿ ಧುಮುಕಿ, ಗಂಗಾವಳಿ ಎಂಬ ಹೆಸರು ಹೊತ್ತು, ಅಂಕೋಲೆಯ ಕಡೆ ಕಡಲು ಸೇರುತ್ತದೆ. ಮಳೆ ಕೈಕೊಟ್ಟ ವರ್ಷ ಕೆರೆಯ ತಳ ಕಂಡದ್ದನ್ನೂ ನೋಡಿದ್ದೇವೆ. ಇಲ್ಲಿ ಬೀಳದಿದ್ದರೆ ಅಲ್ಲಿ ನಲ್ಲಿಗೆ ಬರುವುದಿಲ್ಲ.

“ಒಂದ ಹನಿ ಯಾರ ಕೊಡಕ್ಕ ಹೋತು ಅಂತ ಕೇಳಿದ್ರ ಯಾರು ಹೇಳ್ತಾರ ದೊಡ್ಡವ್ವಾ? ಆದ್ರ ಬಿದ್ದ ಹನಿ ಮುಟ್ಟತೈತಿ” ಎಂದೆ. ಅವಳು ಮಾತಾಡಲಿಲ್ಲ. ಒಳಗೆ ಹೋಗಿ, ನೆಲುವಿನ ಮೇಲಿದ್ದ ಸಣ್ಣ ಡಬ್ಬಿ ಇಳಿಸಿ, ಅಂದಿನ ಹಾಲಿನ ರೊಕ್ಕದಲ್ಲಿ ಒಂದು ನಾಣ್ಯ ಹಾಕಿ, ಮತ್ತೆ ಮೇಲಿಟ್ಟಳು. “ಈ ಸಲ ಯಾವ ಊರಿಗೆ ಅಂತ ಕೇಳಿಕೊಂಡು ಬಾ. ಹೆಸರ ಗೊತ್ತಿದ್ರ ಪ್ರಾರ್ಥನಾ ಮಾಡಾಕ ಬರತೈತಿ” ಎಂದಳು.

ಮನೆಗೆ ಬರುವಷ್ಟರಲ್ಲಿ ಹಂಚಿನ ಕೆಲಸ ಮುಗಿಯುತ್ತ ಬಂದಿತ್ತು. ಆ ಹಳೆಯ ಹಂಚು ಎಲ್ಲಿಯೂ ಸೀಳಿರಲಿಲ್ಲ. ಗೌಂಡಿ ಬೆರಳಿನಿಂದ ತಟ್ಟಿ ನೋಡಿದ. ಗಟ್ಟಿ ನಾದ ಬಂತು. ಅಕ್ಷರಗಳು ಒಳಮುಖವಾಗಿರುವಂತೆ, ಒಲೆಯ ನೆತ್ತಿಯ ಮೇಲೆ, ಅದರ ಜಾಗದಲ್ಲಿಯೇ ಅದನ್ನು ಕೂಡಿಸಿದ. ಆ ಹೆಸರು ಇನ್ನು ಹೊರಗಿನಿಂದ ಯಾರಿಗೂ ಕಾಣುವುದಿಲ್ಲ. ಮಳೆ ಬಂದಾಗ ಅದು ತನ್ನ ಕೆಲಸ ಮಾಡುತ್ತದೆ.