ಪಾರಣೆಗೆ ಮುನ್ನ ಉಪಕಾರಸ್ಮರಣೆ

ಭಾದ್ರಪದ ಶುಕ್ಲ ಪಂಚಮಿಯಿಂದ ಚತುರ್ದಶಿಯವರೆಗಿನ ದಶಲಕ್ಷಣ ಪರ್ವವು ಆತ್ಮಶಾಂತಿಯ ಪರ್ವ. ಆದರೆ ಅನೇಕ ಶ್ರಾವಕರ ಮನೆಗಳಲ್ಲಿ ಆ ದಿನಗಳೇ ತಳಮಳದಲ್ಲಿ ಕಳೆಯುತ್ತವೆ. ಅಭಿಷೇಕಕ್ಕೆ ಹೊತ್ತಾಯಿತೆಂಬ ಆತುರ, ಬಂಧುಗಳ ಉಪಚಾರ, ಸೂರ್ಯಾಸ್ತಕ್ಕೆ ಮುನ್ನ ಊಟ ಮುಗಿಯಬೇಕೆಂಬ ಧಾವಂತ. ಪಾರಣೆ ತಡವಾಯಿತೆಂದು ಉಪವಾಸಿಯು ಸೊಸೆಯ ಮೇಲೆ ಸಿಡುಕಿದರೆ ದೇಹವು ಸೊರಗಿತೇ ಹೊರತು ಕಷಾಯವು ಸೊರಗಲಿಲ್ಲ.

ಪರ್ವದಲ್ಲಿ ತತ್ತ್ವಾರ್ಥಸೂತ್ರದ ಹತ್ತು ಅಧ್ಯಾಯಗಳನ್ನು ದಿನಕ್ಕೊಂದರಂತೆ ಪಠಿಸುವ ರೂಢಿಯುಂಟು. ಐದನೆಯ ಅಧ್ಯಾಯದಲ್ಲಿ ಆಚಾರ್ಯ ಉಮಾಸ್ವಾಮಿಗಳು ಜೀವರು ಪರಸ್ಪರ ಉಪಕಾರಿಗಳೆಂದು ಬೋಧಿಸಿದ್ದಾರೆ. ಈ ಅರ್ಥವು ಅಡುಗೆಮನೆಯಲ್ಲಿಯೇ ಪ್ರತ್ಯಕ್ಷವಾಗಿದೆ. ಒಬ್ಬರ ಉಪವಾಸದ ಹಿಂದೆ, ನಸುಕಿನಲ್ಲೆದ್ದು ನೀರು ಸೋಸಿದವರ, ಧಾನ್ಯವನ್ನು ಆರಿಸಿದವರ ಶ್ರಮವಿದೆ. ಇದನ್ನು ನೆನೆದಾಗ ‘ನಾನು ವ್ರತ ಮಾಡಿದೆ’ ಎಂಬ ಮಾನವು ಕರಗುತ್ತದೆ. ಮಾನವು ಕರಗಿದಲ್ಲಿ ಕ್ರೋಧಕ್ಕೆ ನೆಲೆಯಿಲ್ಲ. ಆಗದುದನ್ನೇ ಎಣಿಸುವ ಆರ್ತಧ್ಯಾನವು ಸರಿದು, ಸೇವೆಗೈದವರ ಗುಣದಲ್ಲಿ ಪ್ರಮೋದಭಾವವು ಮೂಡುತ್ತದೆ.

ಮಾಡುವುದು, ಮಾಡಿಸುವುದು, ಅನುಮೋದಿಸುವುದು ಈ ಮೂರೂ ಫಲವನ್ನು ಕೊಡುತ್ತವೆ. ಆದುದರಿಂದ ವ್ರತಕ್ಕೆ ನೆರವಾದವರೂ ಅದರ ಪುಣ್ಯಕ್ಕೆ ಭಾಗಿಗಳೇ ಸರಿ.

ಭವ್ಯಜೀವರು ಪಾರಣೆಯ ಮೊದಲ ಗುಟುಕಿಗೆ ಮುನ್ನ ಪಂಚನಮಸ್ಕಾರ ಮಂತ್ರವನ್ನು ಸ್ಮರಿಸಿ, ನೆರವಾದವರಿಗೆ ಒಂದು ಸವಿಮಾತನ್ನಾಡಲಿ. ಕ್ಷಮಾವಾಣಿಯ ದಿನ ಊರವರೆದುರು ಮುಗಿಯುವ ಕೈಗಳು ಮೊದಲು ಮನೆಯವರೆದುರು ಮುಗಿಯಲಿ.