ನುಡಿ, ನಡೆ ಮತ್ತು ಸರಪಳಿ

ಮೊನ್ನೆ ಯರಗುಪ್ಪಿಯಲ್ಲಿ ಸೋದರಳಿಯ ಎಕರೆಯನ್ನು ಗುಂಟೆಗೆ ಇಳಿಸುವ ಪ್ರೋಗ್ರಾಮೊಂದನ್ನು ತೋರಿಸಿದ. ಅದರೊಳಗೇ ಒಂದು ಟಿಪ್ಪಣಿ: '2 ಎಕರೆ ಕೊಟ್ಟರೆ 80 ಗುಂಟೆ ಬರಬೇಕು.' ಆ ಟಿಪ್ಪಣಿಯಿಂದಲೇ ಯಂತ್ರವು ಕೈಪಿಡಿಯನ್ನು ಸಿದ್ಧಪಡಿಸುತ್ತದೆ. 2001ರಿಂದ ಪೈಥಾನ್ ಭಾಷೆಯೊಡನೆ ಬರುತ್ತಿರುವ 'ಡಾಕ್‌ಟೆಸ್ಟ್' ಎಂಬ ಸಾಧನ ಉದಾಹರಣೆಯನ್ನು ನಡೆಸಿ ನೋಡಿ, ನುಡಿದಂತೆ ನಡೆಯದಿದ್ದರೆ ತಪ್ಪೆಂದು ಸಾರುತ್ತದೆ.

ನುಡಿದಂತೆ ನಡೆದರೆ ಸಾಕೆಂದು ತರಗತಿಯಲ್ಲಿ ಹೇಳುತ್ತ ಬಂದವನು ನಾನು, ಹಿಗ್ಗಿದೆ. ಆದರೂ ಕೇಳಿದೆ: "ಎಕರೆಗೆ 30 ಗುಂಟೆಯೆಂದು ಲೆಕ್ಕದಲ್ಲೂ ಟಿಪ್ಪಣಿಯಲ್ಲೂ ತಪ್ಪಾಗಿ ಬರೆದಿದ್ದರೆ?"

"ಆಗಲೂ ಪಾಸೇ, ಮಾವ."

ಕಳೆದುಕೊಳ್ಳುವವನು ರೈತ: ಎಕರೆಗೆ ಹತ್ತು ಗುಂಟೆ!

ನಡೆ ನುಡಿಗೆ ಹೊಂದಿದ ಮಾತ್ರಕ್ಕೆ ನುಡಿ ನಿಜವಾಗದು. ನನ್ನ ಪಾಠದಲ್ಲಿ ಅರ್ಧವೇ ಇತ್ತು. 33 ಅಡಿಯ ಸರಪಳಿ ಹಿಡಿದು ಎರೆಹೊಲಕ್ಕಿಳಿಯುವ ಇನ್ನೊಬ್ಬನೂ ಬೇಕು.